ನಾಲ್ಕು ಸೀರೆಯಷ್ಟು ಗದ್ದೆ

ನಮ್ಮ ಅಪ್ಪನಿಗೆ ಒಂದು ವಿಚಿತ್ರ ಅಭ್ಯಾಸ. ಯಾರಾದರೂ ಹೇಳದೆ ಅವನಿಗೆ ಕೆಲಸ ಶುರು ಮಾಡಲು ಬರುವುದಿಲ್ಲ. ಸೋಮಾರಿ ಎಂದುಕೊಳ್ಳಬೇಡಿ. ಹೇಳಿದರೆ ಸಾಕು, ಮಧ್ಯಾಹ್ನದ ಗಂಜಿಯನ್ನೂ ಮರೆತು ದುಡಿಯುವ ಜೀವ. ಆದರೆ ಹೇಳಬೇಕು. ಅವನು ಹುಟ್ಟಿದ್ದು ಬೇರೆಯವರ ತೋಟದಲ್ಲಿ, ಮೀಸೆ ನರೆತದ್ದೂ ಬೇರೆಯವರ ತೋಟದಲ್ಲಿ. ಬೆಳಗ್ಗೆ ಎದ್ದು ಧನಿಗಳ ಅಂಗಳದ ಮೂಲೆಯಲ್ಲಿ ನಿಂತು, ಸಣ್ಣದಾಗಿ ಒಮ್ಮೆ ಕೆಮ್ಮಿ, "ಇವತ್ತು ಎಂತ ಕೆಲಸ?" ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆಯೇ ಮುಂಡಾಸು ಬಿಗಿಯುವುದು ಅವನ ಕ್ರಮ. ಇಂಥ ಮನುಷ್ಯನಿಗೆ ಇಳಿವಯಸ್ಸಿನಲ್ಲಿ ಸ್ವಂತದ್ದು ಅಂತ ಒಂದು ತುಂಡು ಗದ್ದೆ ಸಿಕ್ಕಿದರೆ ಏನಾದೀತು? ಅದನ್ನೇ ಹೇಳಲು ಹೊರಟಿದ್ದೇನೆ. ನಗು ಬಂದರೆ ನಕ್ಕುಬಿಡಿ, ನಮ್ಮ ಮನೆಯಲ್ಲಿ ನಾವೂ ಬೇಕಾದಷ್ಟು ನಕ್ಕಿದ್ದೇವೆ.

ನನ್ನ ಬಾಲ್ಯವೆಲ್ಲ ಬಿಡಾರಗಳಲ್ಲಿ ಕಳೆಯಿತು. ಬಿಡಾರ ಎಂದರೆ ತೋಟದ ತುದಿಯಲ್ಲಿ ಕೆಲಸದವರಿಗೆಂದು ಕಟ್ಟಿಸಿದ ಒಂದು ಕೋಣೆ, ಒಂದು ಜಗಲಿ. ಸಂಪಾಜೆಯಲ್ಲಿ ಘಾಟಿ ಹತ್ತುವ ಲಾರಿಗಳ ಸದ್ದು ಕೇಳುತ್ತಾ ನಡೆಯಲು ಕಲಿತೆ. ನೆಟ್ಟಣದ ಹತ್ತಿರ ರೈಲಿನ ಕೂಗು ಕೇಳುತ್ತಾ ಅಕ್ಷರ ಕಲಿತೆ. ಕೆಲಸ ಎಲ್ಲಿಯೋ ಅಲ್ಲಿಗೆ ನಾವು. ಹೊಸ ಜಾಗಕ್ಕೆ ಹೊರಡುವಾಗ ನಮ್ಮ ಸಂಸಾರವೆಲ್ಲ ಒಂದು ಜೀಪಿನ ಹಿಂಭಾಗದಲ್ಲಿ ಹಿಡಿಸುತ್ತಿತ್ತು. ಮಸಾಲೆ ಕಡೆಯುವ ಕಲ್ಲಿನ ಗುಂಡನ್ನು ಮಾತ್ರ ಅಮ್ಮ ಯಾರ ಕೈಗೂ ಕೊಡದೆ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ಮಡಿಲಲ್ಲಿ ಕೂರಬೇಕಾದ ನಾನು ಚಾಪೆಯ ಸುರುಳಿಯ ಮೇಲೆ ಕೂತು ಕಲ್ಲನ್ನು ದುರುಗುಟ್ಟಿ ನೋಡುತ್ತಿದ್ದೆ. ಇಳಿದ ಕೂಡಲೇ ಅಪ್ಪನ ಪ್ರಶ್ನೆ, ಧನಿಗಳು ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು. ಅಮ್ಮನ ಪ್ರಶ್ನೆ, ನೀರು ಎಲ್ಲಿದೆ ಎಂದು. ನನ್ನದು, ಕಾಟು ಮಾವಿನ, ಎಂದರೆ ಕಾಡುಮಾವಿನ, ಮರ ಇದೆಯಾ ಎಂದು. ಮೂವರಿಗೂ ಸರಿಯಾದ ಉತ್ತರ ಸಿಕ್ಕಿದರೆ ಆ ಊರು ಒಳ್ಳೆಯದು.

ಕೊನೆಗೆ ಬಂದು ನಿಂತದ್ದು ಕುಂಬ್ರದ ಹತ್ತಿರದ ಒಬ್ಬರು ಧನಿಗಳ ಬಿಡಾರದಲ್ಲಿ. ಮೂರೂ ಉತ್ತರ ಸರಿಯಾಗಿದ್ದ ಜಾಗ ಅದೊಂದೇ. ಹಾಗಾಗಿ ಅಲ್ಲಿ ಬಹಳ ವರ್ಷ ಉಳಿದೆವು.

ಆ ಕಾಲದಲ್ಲಿ ಧನಿಗಳ ಮನೆಯ ಮುಂದೆಯೇ ಗದ್ದೆ ಇತ್ತು. ಮಳೆಗಾಲದ ಬೆಳೆ ಹಣ್ಣಾಗುವ ಹೊತ್ತಿಗೆ, ಚೌತಿ ಕಳೆದು ನವರಾತ್ರಿ ಬರುವ ಮೊದಲು, ನಮ್ಮ ಕಡೆ ಹೊಸತು ಊಟ ಮಾಡುತ್ತಾರೆ. ಗದ್ದೆಯ ಮೊದಲ ತೆನೆ ಕೊಯ್ದು ತಂದು, ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಸೇರಿಸಿ ಬಾಗಿಲಿಗೆ, ಬಾವಿಕಟ್ಟೆಗೆ, ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಾರೆ. ಆ ಹೊಸ ಅಕ್ಕಿಯ ಅನ್ನ ಉಣ್ಣುವಾಗ ತುತ್ತು ಬಾಯಿಗಿಡುವ ಮೊದಲು ಕಿರಿಯರು ಹಿರಿಯರಿಗೆ ಕೈ ಮುಗಿದು "ಹೊಸತು ಉಣ್ತೇನೆ" ಎಂದು ಅಪ್ಪಣೆ ಕೇಳಬೇಕು. ಹಿರಿಯರು "ಉಣ್ಣು" ಅನ್ನಬೇಕು. ಆಮೇಲೆಯೇ ಊಟ.

ಆ ದಿನ ನಮಗೆ ಊಟ ಧನಿಗಳ ಮನೆಯ ಹಿಂದಿನ ಜಗಲಿಯಲ್ಲಿ. ಎಲೆ ಹಾಕಿ, ಬಡಿಸಿ ಆದ ಮೇಲೆ ಧನಿಗಳ ಹೆಂಡತಿ, ನಾವೆಲ್ಲ ಧನಿ ಅಮ್ಮ ಎಂದು ಕರೆಯುವವರು, ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು. ನನ್ನ ಅಮ್ಮ ಎದ್ದು ಕೈ ಮುಗಿದು "ಅಮ್ಮ, ಹೊಸತು ಉಣ್ತೇನೆ" ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನ್ನ ಅಮ್ಮ ಅವರಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಆದರೆ ಗದ್ದೆ ಯಾರದ್ದೋ ಅವರೇ ಹಿರಿಯರು. ಧನಿ ಅಮ್ಮ ಒಳ್ಳೆಯ ಹೆಂಗಸು, ನಾನು ಸುಳ್ಳು ಹೇಳಬಾರದು. "ಉಣ್ಣು, ಉಣ್ಣು" ಎಂದು ಬಾಯಿ ತುಂಬ ಹೇಳಿ, ನನ್ನ ಎಲೆಗೆ ಪಾಯಸ ಹರಿದುಹೋಗುವಷ್ಟು ಸುರಿಯುತ್ತಿದ್ದರು.

ಬಿಡಾರಕ್ಕೆ ವಾಪಸು ನಡೆಯುವಾಗ ಅಮ್ಮ ಪ್ರತಿ ವರ್ಷ ಅದೇ ಮಾತು ಹೇಳುತ್ತಿದ್ದಳು. "ಉತ್ತದ್ದು ನೀವು, ನೆಟ್ಟದ್ದು ನಾನು. ಒಂದು ವರ್ಷ ಆದ್ರೂ ನಮ್ಮ ಮಣ್ಣಿನ ಹೊಸತು ಉಣ್ಬೇಕು. ಯಾರ ಹತ್ರವೂ ಕೇಳ್ಲಿಕ್ಕಿಲ್ಲದೆ."

"ನಮ್ಮ ಮಣ್ಣು ಎಲ್ಲಿ ಉಂಟು ಮಾರಾಯ್ತಿ? ನಿನ್ನ ಉಗುರಿನ ಒಳಗೆ ಎಷ್ಟುಂಟೋ ಅಷ್ಟೇ," ಎಂದು ಅಪ್ಪ ನಗುತ್ತಿದ್ದ.

ಅಮ್ಮ ನಗುತ್ತಿರಲಿಲ್ಲ. ಅವಳಿಗೆ ಅದು ದುಃಖದ ಮಾತಲ್ಲ, ಹಟದ ಮಾತು. ಚಿನ್ನ ಬೇಕು, ಸೀರೆ ಬೇಕು ಎಂದು ಅವಳು ಕೇಳಿದ್ದು ನನಗೆ ನೆನಪಿಲ್ಲ. ಬೇಕು ಎಂದು ಕೇಳಿದ್ದು ಇದೊಂದನ್ನೇ.

ಅಂತೂ ಇಂತೂ ಸರಕಾರದಿಂದ ನಮಗೊಂದು ನಿವೇಶನ ಸಿಕ್ಕಿತು. ಗುಡ್ಡದ ಬುಡದಲ್ಲಿ ಚೂರು ಜಾಗ. ಮೇಲಿನ ಭಾಗದಲ್ಲಿ ಮನೆ ಕಟ್ಟಿದೆವು. ಅಷ್ಟರಲ್ಲಿ ನಾನು ಕುಂಬ್ರದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೆ. ಕೆಳಗಿನ ಭಾಗ ಬರೀ ಜೌಗು. ಮಳೆ ಶುರುವಾದರೆ ದೀಪಾವಳಿಯವರೆಗೂ ನೀರು ಒಸರುತ್ತಲೇ ಇರುತ್ತದೆ, ಕಪ್ಪೆಗಳ ಸಂಸಾರ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು, ಮಣ್ಣು ತುಂಬಿಸಿ ನಾಲ್ಕು ಅಡಿಕೆ ಗಿಡ ಇಡಿ ಎಂದು. ಎಲ್ಲರೂ ಮಾಡಿದ್ದು ಅದನ್ನೇ. ಧನಿಗಳ ಮನೆ ಮುಂದಿನ ಗದ್ದೆಗೂ ಮಣ್ಣು ಬಿದ್ದು, ಅಡಿಕೆ ಗಿಡ ಬಂದು ವರ್ಷಗಳಾಗಿದ್ದವು. ಹೊಸತಿಗೆ ಕಟ್ಟುವ ತೆನೆ ಈಗ ಪುತ್ತೂರು ಪೇಟೆಯಲ್ಲಿ ಹೂವಿನವರ ಹತ್ತಿರ ಕಟ್ಟು ಕಟ್ಟಾಗಿ ಸಿಗುತ್ತದೆ. ಬೆಳೆದದ್ದು ಯಾವ ಊರಿನಲ್ಲಿ ಎಂದು ಮಾರುವವರಿಗೂ ಗೊತ್ತಿಲ್ಲ.

ಅಮ್ಮ ಜೌಗಿನ ಬದಿಯಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತು ನೋಡಿದಳು. ನನ್ನ ಟೈಲರ್ ಕಣ್ಣಿಗೆ ಅದು ನಾಲ್ಕು ಸೀರೆ ಹಾಸಿದರೆ ಮುಚ್ಚಿಹೋಗುವಷ್ಟು ಜಾಗ. ಅವಳ ಕಣ್ಣಿಗೆ ಅದೇನು ಕಂಡಿತೋ, "ಇದು ಗದ್ದೆ," ಎಂದಳು.

ಅಪ್ಪನ ಕಾಯಿಲೆ ಹೊರಗೆ ಬಿದ್ದದ್ದು ಆಗ. ಮರುದಿನ ಬೆಳಗ್ಗೆ ಚಾ ಕುಡಿದು ಗುದ್ದಲಿ ಹೆಗಲಿಗೇರಿಸಿ ಅಂಗಳಕ್ಕೆ ಇಳಿದವನು ಅಲ್ಲಿಯೇ ನಿಂತ. ಆಚೆ ನೋಡಿದ, ಈಚೆ ನೋಡಿದ, ಒಮ್ಮೆ ಕೆಮ್ಮಿದ. ಒಳಗಿನಿಂದ ಅಮ್ಮ, "ಎಂತ ನಿಂತದ್ದು? ಅಗೆಯುದಲ್ವಾ?" ಎಂದಳು. ಹೇಳಿದ್ದೇ ತಡ, ಅಪ್ಪ ಮುಂಡಾಸು ಬಿಗಿದು ಕೆಸರಿಗೆ ಇಳಿದ! ಅಂದಿನಿಂದ ಅದೇ ಪದ್ಧತಿಯಾಯಿತು. ಬೆಳಗ್ಗೆ ಅಂಗಳದ ಮೂಲೆಯಲ್ಲಿ ನಿಂತು, "ಧನಿಗಳೇ, ಇವತ್ತು ಎಂತ ಕೆಲಸ?" ಎಂದು ಕೇಳುವುದು. ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು ಅಪ್ಪಣೆ ಕೊಡುವುದು. ಮೊದಲು ತಮಾಷೆಗೆ ಶುರುವಾದದ್ದು ಎಂದುಕೊಂಡಿದ್ದೆ. ಅಮ್ಮ ಎರಡು ದಿನ ತವರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಾ ದಿನ ಕಳೆದ. ಆಗ ನನಗೆ ಅರ್ಥವಾಯಿತು, ಇದು ತಮಾಷೆಯಲ್ಲ ಎಂದು. ಸಂಜೆ ಚಾ ಸ್ವಲ್ಪ ತಡವಾದರೆ, "ಈ ಧನಿಗಳ ಹತ್ರ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ, ಬೇರೆ ಕಡೆ ನೋಡ್ಬೇಕು," ಎಂದು ನನ್ನ ಹತ್ತಿರ ದೂರು ಬೇರೆ.

ನೇಜಿ, ಎಂದರೆ ಭತ್ತದ ಸಸಿ, ಸಿಕ್ಕಿದ್ದು ಕಡಬದಿಂದ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಆ ಕಡೆಯ ಒಂದು ಮನೆಯಲ್ಲಿ ಇನ್ನೂ ಗದ್ದೆ ಕೆಲಸಕ್ಕೆ ಹೋಗುತ್ತಾರೆ. ಆ ಮನೆಯವರಲ್ಲಿ ನೆಟ್ಟು ಉಳಿದ ನೇಜಿಯನ್ನು ನಮಗಾಗಿ ಕೇಳಿಟ್ಟಿದ್ದರು. ಅಮ್ಮ ಮತ್ತು ನಾನು ಹೋಗಿ, ಕಟ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆವು. ಹಸಿರು ತುದಿಗಳು ಚೀಲದಿಂದ ಹೊರಗೆ ಇಣುಕುತ್ತಿದ್ದವು, ಬೇರಿನಿಂದ ಕೆಸರು ನೀರು ಬಸ್ಸಿನೊಳಗೆಲ್ಲ ಹರಿಯುತ್ತಿತ್ತು. ಕಂಡಕ್ಟರ್ ಬಯ್ಯಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸೀಟಿನ ಒಬ್ಬ ಅಜ್ಜಿ ತಿರುಗಿ, "ಅಯ್ಯೋ, ನೇಜಿಯಾ?" ಎಂದು ಕೂಗಿದಳು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಕತ್ತು ಉದ್ದ ಮಾಡಿದರು. ಒಬ್ಬಳು ಮುಟ್ಟಿ ನೋಡಿದಳು, ಇನ್ನೊಬ್ಬಳು ಮೂಸಿದಳು. ಮತ್ತೊಬ್ಬಳು, ಈಗಿನ ಮಕ್ಕಳಿಗೆ ಇದು ಹುಲ್ಲೋ ಭತ್ತವೋ ಗೊತ್ತಿಲ್ಲ ಎಂದು ತನ್ನ ಮೊಮ್ಮಗಳಿಗೆ ಪಾಠ ಶುರು ಮಾಡಿದಳು. ಅಜ್ಜಿ ತನ್ನ ಸೀಟನ್ನು ಬಿಟ್ಟುಕೊಟ್ಟದ್ದು ನಮಗಲ್ಲ, ಚೀಲಕ್ಕೆ. ಕಂಡಕ್ಟರ್ ತೆರೆದ ಬಾಯಿ ಮುಚ್ಚಿಕೊಂಡು ಮುಂದೆ ಹೋದ.

ನೆಡುವ ದಿನ ಭಾನುವಾರ. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದ ಅಮ್ಮ ಹತ್ತು ವರ್ಷ ಚಿಕ್ಕವಳಾದಳು. ಹಿಂದೆ ನೇಜಿ ನೆಡುವಾಗ ಹೇಳುತ್ತಿದ್ದ ಹಾಡು ಶುರು ಮಾಡಿದಳು. ಅರ್ಧಕ್ಕೆ ಮರೆತಳು, ಪುನಃ ಮೊದಲಿನಿಂದ ಶುರು ಮಾಡಿದಳು. ಹಾಡು ಮುಗಿಯುವ ಮೊದಲೇ ಗದ್ದೆ ಮುಗಿಯಿತು. "ಇಷ್ಟೇಯಾ?" ಎಂದು ಕೈಯಲ್ಲಿ ಉಳಿದ ಕಟ್ಟನ್ನು ನೋಡಿದಳು. ನೆಟ್ಟು ಮುಗಿಯಿತಲ್ಲಾ ಎಂದು ಅವಳಿಗೆ ಬೇಜಾರು ಬಂದದ್ದನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದೆ.

ಭತ್ತ ಹೊಡೆ ಬಿಟ್ಟು ತೆನೆ ಇಣುಕಿದಾಗ ನವಿಲುಗಳು ಬಂದವು. ಓಡಿಸಿದರೆ ಹೋಗಿ ಮನೆಯ ಮಾಡಿನ ಮೇಲೆ ಕೂತು ನಮ್ಮನ್ನೇ ನೋಡುತ್ತವೆ. ಅಮ್ಮ ಒಂದು ಬೆರ್ಚಪ್ಪನನ್ನು, ಎಂದರೆ ಬೆದರುಬೊಂಬೆಯನ್ನು, ಮಾಡಿದಳು. ಅದಕ್ಕೆ ಹಾಕಲು ನಾನು ಗಿರಾಕಿ ಬೇಡವೆಂದು ಬಿಟ್ಟುಹೋದ ಒಂದು ನೈಟಿ ಕೊಟ್ಟೆ. ಅವಳಿಗೆ ಅದು ಹಿಡಿಸಲಿಲ್ಲ. ಪೆಟ್ಟಿಗೆಯಿಂದ ಒಂದು ಬಿಳಿ ಅಂಗಿ ತೆಗೆದಳು. ಧನಿಗಳು ಯಾವುದೋ ವರ್ಷ ಅಪ್ಪನಿಗೆ ಕೊಟ್ಟ ಅಂಗಿ, ಅಪ್ಪ ಗೌರವದಿಂದ ಹಾಕದೆ ಇಟ್ಟದ್ದು. ಅಂಗಿ ತೊಡಿಸಿ, ಬಿಳಿ ಪಂಚೆ ಉಡಿಸಿ, ಮಡಕೆಯ ತಲೆಗೆ ಮಸಿಯಲ್ಲಿ ದಪ್ಪ ಮೀಸೆ ಬರೆದಳು. ಧನಿಗಳೇ ಗದ್ದೆಯ ನಡುವೆ ಬಂದು ನಿಂತ ಹಾಗಿತ್ತು.

"ಇನ್ನು ನನ್ನ ಹತ್ರ ಕೇಳ್ಬೇಡಿ," ಎಂದು ಅಪ್ಪನಿಗೆ ಹೇಳಿದಳು. "ಕೆಲಸ ಎಂತ ಅಂತ ಅವರ ಹತ್ರ ಕೇಳಿ."

ನವಿಲುಗಳಿಗೆ ಹೆದರಿಕೆಯಾಯಿತೋ ಇಲ್ಲವೋ, ಅಪ್ಪನಿಗಂತೂ ಆಯಿತು. ಆ ಬದಿಗೆ ಹೋದಾಗೆಲ್ಲ ಎತ್ತಿ ಕಟ್ಟಿದ ಪಂಚೆಯನ್ನು ಕೆಳಗೆ ಬಿಡುತ್ತಿದ್ದ, ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದ. ನೋಡಿ ನೋಡಿ ನನಗೂ ಅಮ್ಮನಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು.

ತೆನೆ ಬಾಗಿ ಬಣ್ಣ ತಿರುಗುತ್ತಿದ್ದಾಗ, ಇನ್ನು ಒಂದು ವಾರ ಎಂದು ಅಮ್ಮ ಲೆಕ್ಕ ಹಾಕುತ್ತಿದ್ದಾಗ, ಹಂದಿ ಬಂತು. ಬೆಳಗ್ಗೆ ಎದ್ದು ನೋಡಿದರೆ ಗದ್ದೆ ಮಲಗಿತ್ತು. ಕಾಡುಹಂದಿಗಳು ಹೊರಳಾಡಿ, ತುಳಿದು, ಮೂರು ಸೀರೆಯಷ್ಟನ್ನು ಕೆಸರಿನೊಳಗೆ ಸೇರಿಸಿದ್ದವು. ಬೆರ್ಚಪ್ಪ ಮಾತ್ರ ಅಂಗಿಗೆ ಒಂದು ಹನಿ ಕೆಸರಾಗದೆ ನೆಟ್ಟಗೆ ನಿಂತಿದ್ದ. ಅವನ ಕಾಲ ಬುಡದಲ್ಲಿ ಚೂರು ಭತ್ತ ಉಳಿದಿತ್ತು, ಅದರಲ್ಲಿಯೂ ಅರ್ಧ ಅಡ್ಡ ಬಿದ್ದಿತ್ತು.

ಅಮ್ಮ ಬದುವಿನ ಮೇಲೆ ಕೂತಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅತ್ತಳು. ಬೇರೆಯವರ ಎಷ್ಟೋ ಗದ್ದೆಗಳು ಹೀಗೆ ಹಾಳಾದದ್ದನ್ನು ನೋಡಿದವಳು ಅವಳು. ಆಗೆಲ್ಲ ಹಂದಿಗೆ ನಾಲ್ಕು ಬೈಗುಳ ಬೈದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತೆ. ಆ ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಅಪ್ಪ ಕೆಮ್ಮಲಿಲ್ಲ. ಎಂತ ಕೆಲಸ ಎಂದು ಕೇಳಲೂ ಇಲ್ಲ. ಕತ್ತಿ ತೆಗೆದುಕೊಂಡು ಹೋಗಿ ಗುಡ್ಡದಿಂದ ಕಡ್ಡಿಗಳನ್ನು ಕಡಿದು ತಂದ, ಕೆಸರಿಗೆ ಇಳಿದ, ಅಡ್ಡ ಬಿದ್ದ ಪೈರನ್ನು ಹಿಡಿ ಹಿಡಿಯಾಗಿ ಎತ್ತಿ ಕಡ್ಡಿಗೆ ಆನಿಸಿ ನಿಲ್ಲಿಸತೊಡಗಿದ. ಕಟ್ಟಲು ಬಾಳೆ ನಾರು ಸಾಲಲಿಲ್ಲ. ನಾನು ಓಡಿಹೋಗಿ ಮನೆಯಲ್ಲಿದ್ದ ರವಿಕೆ ತುಂಡುಗಳ ಗಂಟನ್ನು ತಂದೆ. ಮಧ್ಯಾಹ್ನದ ಹೊತ್ತಿಗೆ ಭತ್ತಕ್ಕೆ ಕೆಂಪು, ಹಳದಿ, ನೀಲಿ ಪಟ್ಟಿಗಳು ಬಂದಿದ್ದವು. ಅಮ್ಮ ಕಣ್ಣು ಒರೆಸಿಕೊಂಡು ನೋಡುತ್ತಾ ನೋಡುತ್ತಾ, "ಇವರಿಗೆ ಯಾರು ಹೇಳಿದ್ದು?" ಎಂದು ನನ್ನನ್ನು ಕೇಳಿದಳು.

"ಯಾರೂ ಹೇಳ್ಲಿಲ್ಲ ಅಮ್ಮ."

ಅವಳು ಎದ್ದು ಚಾ ಇಡಲು ಹೋದಳು. ಆ ದಿನ ಚಾ ತಡವಾಗಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ನಮ್ಮ ಅಂಗಳದ ಮೂಲೆಯಲ್ಲಿ ಯಾರೋ ಸಣ್ಣದಾಗಿ ಕೆಮ್ಮಿದರು. ನೋಡಿದರೆ ಧನಿ ಅಮ್ಮ. ರಸ್ತೆಯಲ್ಲಿ ಆಟೋ ನಿಲ್ಲಿಸಿ, ಮೊಣಕಾಲು ಹಿಡಿದುಕೊಂಡು ಇಳಿಜಾರು ಇಳಿದು ಬಂದಿದ್ದರು. ಅಪ್ಪ ಗಡಬಡಿಸಿ ಎದ್ದು ಮುಂಡಾಸು ಕಟ್ಟಿಕೊಂಡ. ಎಂತ ಕೆಲಸ ಎಂದು ಕೇಳಿಯೇ ಬಿಡುತ್ತಾನೇನೋ ಎಂದು ನನಗೆ ಭಯವಾಯಿತು. ಒಳಗೆ ಬನ್ನಿ, ಕೂತುಕೊಳ್ಳಿ ಎಂದು ಅಮ್ಮ ಕುರ್ಚಿ ತಂದಿಟ್ಟಳು. ಅವರು ಕೂರಲಿಲ್ಲ.

"ಭಾನುವಾರ ಹೊಸತು ಮಾಡುದು ಅಂತ ಇದ್ದೇವೆ," ಎಂದರು. "ಪೇಟೆಯ ತೆನೆ ಕಟ್ಟಿ ಕಟ್ಟಿ ಬೇಜಾರಾಗಿದೆ. ಮನೆಗೆ ತರುವಾಗಲೇ ಒಣಗಿರ್ತದೆ. ನೀನು ಗದ್ದೆ ಮಾಡಿದ್ದೀ ಅಂತ ಕೇಳಿದೆ. ಒಂದು ಹಿಡಿ ತೆನೆ ಕೊಡ್ತೀಯಾ?"

ನನಗೆ ಸಿಟ್ಟು ಬಂತು. ಇದ್ದದ್ದೇ ಚೂರು, ಅದೂ ಹಂದಿ ಬಿಟ್ಟದ್ದು. ಅದರಲ್ಲಿಯೂ ಪಾಲು ಕೇಳಲು ಬಂದರಲ್ಲ! ಅಮ್ಮ ಅವರನ್ನು ಗದ್ದೆಯ ಬದಿಗೆ ಕರೆದುಕೊಂಡು ಹೋದಳು. ಅಲ್ಲಿಗೆ ಮುಟ್ಟಿದ ಮೇಲೆಯೇ ನಮಗೆ ಬೆರ್ಚಪ್ಪನ ನೆನಪಾದದ್ದು. ಧನಿ ಅಮ್ಮ ಅಂಗಿಯನ್ನು ನೋಡಿದರು, ಪಂಚೆಯನ್ನು ನೋಡಿದರು, ಮೀಸೆಯನ್ನು ನೋಡಿದರು. ಅಪ್ಪ ಮೆಲ್ಲ ಬಾಳೆಗಿಡದ ಮರೆಗೆ ಸರಿದ.

"ಇದು ನಮ್ಮ ಇವರ ಅಂಗಿಯಲ್ವಾ?"

ಅಮ್ಮ ಹೌದೆಂದು ತಲೆಯಾಡಿಸಿದಳು.

"ಕೆಸರಿಗೆ ಕಾಲು ಹಾಕಿದವರಲ್ಲ ಮಾರಾಯ್ತಿ, ಮದುವೆಯಾದ ಮೇಲೆ ಒಂದು ದಿನವೂ," ಎಂದು ಧನಿ ಅಮ್ಮ ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ಅಮ್ಮನ ಭುಜ ಹಿಡಿದುಕೊಂಡರು. "ನಮ್ಮಲ್ಲಿ ಕುರ್ಚಿಯಿಂದ ಏಳುದಿಲ್ಲ, ಇಲ್ಲಿ ಬಂದು ಗದ್ದೆ ಕಾಯ್ತಾ ಇದ್ದಾರೆ! ಹೋಗಿ ಹೇಳ್ತೇನೆ ತಡಿ." ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡು, ಬದುವಿನಿಂದ ಜಾರದ ಹಾಗೆ, ಇಬ್ಬರೂ ನಕ್ಕರು.

ಆಮೇಲೆ ಅಮ್ಮ ಕತ್ತಿ ತೆಗೆದುಕೊಂಡು ಇಳಿದು, ಚೆನ್ನಾಗಿ ಬಲಿತ ಬದಿಯಿಂದಲೇ ಕೊಯ್ದಳು. ಒಂದು ಹಿಡಿ ಕೇಳಿದವರಿಗೆ ಒಂದು ತೋಳು ತುಂಬ ಕೊಟ್ಟಳು. "ಅನ್ನಕ್ಕೂ ನಾಲ್ಕು ಕಾಳು ಬೇಕಲ್ಲ ಅಮ್ಮ," ಎಂದಳು. ಆಟೋ ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. ನಿನ್ನ ಮಣ್ಣಿನ ಹೊಸತು, ಇಷ್ಟು ವರ್ಷ ಕಾದದ್ದು, ಈಗ ನಿನಗೇ ಒಂದು ಮುಷ್ಟಿ ಅಕ್ಕಿ ಉಳಿಯುವುದು ಸಂಶಯ ಎಂದೆ.

"ಕಡಿಮೆ ಆದ್ರೆ ರೇಷನ್ ಅಕ್ಕಿಗೆ ಬೆರೆಸುದು," ಎಂದಳು ಅಮ್ಮ. "ಕೇಳುದು ಎಷ್ಟು ಕಷ್ಟ ಅಂತ ನನಗೆ ಗೊತ್ತುಂಟು. ಅವರಿಗೆ ಇವತ್ತು ಗೊತ್ತಾಯ್ತು. ಅಷ್ಟು ಸಾಕು. ಬರಿಗೈಲಿ ಕಳಿಸಿ ನಾನು ಎಂತ ಉಣ್ಣುದು?"

ಅಮ್ಮನ ಮೇಲೆ ಅಷ್ಟು ಪ್ರೀತಿ ಬಂತು, ಅದನ್ನು ಹೇಳಲು ಗೊತ್ತಾಗದೆ ಕತ್ತಿ ತೊಳೆದಿಟ್ಟೆ.

ಭಾನುವಾರ ನಮ್ಮಲ್ಲಿಯೂ ಹೊಸತು. ಬಾಗಿಲಿಗೆ, ನೀರಿನ ಡ್ರಮ್ಮಿಗೆ, ನನ್ನ ಹೊಲಿಗೆ ಮಿಷನ್ನಿಗೆ ಕೂಡ ಅಮ್ಮ ತೆನೆ ಕಟ್ಟಿದಳು. ಹೊಸ ಅಕ್ಕಿ ಉಳಿದದ್ದು ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಅದನ್ನು ರೇಷನ್ ಅಕ್ಕಿಯ ಮೇಲೆ ಸುರಿದು, ಕೈಯಾಡಿಸಿ, ತೆಂಗಿನ ಹಾಲು ಹಾಕಿ ಬೇಯಿಸಿದಳು. ಹರಿವೆ, ಬೆಂಡೆ, ಮುಳ್ಳುಸೌತೆ ಎಲ್ಲ ಪದಾರ್ಥ ಮಾಡಿದಳು, ಪಾಯಸವೂ ಇತ್ತು. ಎಲೆ ಹಾಕಿ ಕೂತೆವು. ನಾನು ಇಬ್ಬರಿಗೂ ಕೈ ಮುಗಿದು, "ಹೊಸತು ಉಣ್ತೇನೆ" ಎಂದೆ. "ಉಣ್ಣು" ಎಂದರು. ಇನ್ನು ಅಮ್ಮ ಅಪ್ಪನಿಗೆ ಕೈ ಮುಗಿಯಬೇಕು. ಅಷ್ಟರಲ್ಲಿ ಅಪ್ಪನೇ ಎದ್ದು ನಿಂತು ಮುಂಡಾಸು ಬಿಚ್ಚಿ ಅವಳಿಗೆ ಕೈ ಮುಗಿದ.

"ಧನಿಗಳೇ, ಹೊಸತು ಉಣ್ತೇನೆ."

"ಕೂತ್ಕೊಳ್ಳಿ ಸುಮ್ಮನೆ," ಎಂದು ಅಮ್ಮ ಸೌಟು ಎತ್ತಿದಳು. ಅವಳ ಮುಖ ಕೆಂಪಾಗಿತ್ತು.

ಆಗ ನನ್ನ ಫೋನು ಬಡಿಯಿತು. ಧನಿ ಅಮ್ಮ. ಅಮ್ಮನ ಹತ್ತಿರ ಮಾತಾಡಬೇಕಂತೆ. ಅವಳ ಕೈಯಲ್ಲಿ ಸೌಟು ಇದ್ದದ್ದರಿಂದ ಸ್ಪೀಕರ್ ಹಾಕಿ ಎಲೆಯ ಪಕ್ಕ ಇಟ್ಟೆ.

"ಎಲೆ ಹಾಕಿ ಆಯ್ತು," ಎಂದಿತು ಫೋನು.

"ಹಾಂ ಅಮ್ಮ. ಇನ್ನು ಉಣ್ಬಹುದಲ್ಲ."

ಆ ಕಡೆಯಲ್ಲಿ ಯಾವುದೋ ಪಾತ್ರೆಯ ಸದ್ದು ಕೇಳಿತು. "ಉಣ್ಣುದು ಹೇಗೆ? ಇವರಿಗೆ ಹೇಳಿ ಆಯ್ತು. ನಿಮಗೆ ಹೇಳಿ ಆಗ್ಲಿಲ್ಲ," ಎಂದರು ಧನಿ ಅಮ್ಮ. ನನ್ನ ಅಮ್ಮನಿಗೆ ಅವರು ಅಲ್ಲಿಯವರೆಗೆ ನೀವು ಎಂದದ್ದನ್ನು ನಾನು ಕೇಳಿರಲಿಲ್ಲ. "ಅಕ್ಕಾ, ಹೊಸತು ಉಣ್ತೇನೆ."

ಅಮ್ಮ ಸೌಟನ್ನು ಕೆಳಗಿಟ್ಟಳು. ಅಪ್ಪ, ಹೇಳು ಹೇಳು ಎಂದು ಕಣ್ಣಲ್ಲಿಯೇ ಒತ್ತಾಯ ಮಾಡುತ್ತಿದ್ದ.

"ಉಣ್ಣಿ," ಎಂದಳು. ಆಮೇಲೆ ಬೇಗ ಬೇಗನೆ, "ಫೋನು ಇಡ್ಬೇಡಿ ಅಮ್ಮ. ನಾವೂ ಈಗ ಕೂತದ್ದಷ್ಟೆ. ಒಟ್ಟಿಗೆ ಉಣ್ಣುವ," ಎಂದಳು.

ನಾನು ಫೋನನ್ನು ಪಾಯಸದ ಪಾತ್ರೆಗೆ ಒರಗಿಸಿ ಇಟ್ಟೆ. ಅಮ್ಮ ಯಾರಿಗೂ ಕೈ ಮುಗಿಯದೆ ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು.

"ಹೇಗುಂಟು?" ಎಂದು ಕೇಳಿದ್ದು ನಾನಲ್ಲ, ಅಪ್ಪನೂ ಅಲ್ಲ, ಫೋನು.

"ಚಂದ ಉಂಟು ಅಮ್ಮ," ಎಂದಳು ಅಮ್ಮ. "ನಮ್ಮ ಗದ್ದೆಯದ್ದಲ್ವಾ."